ಹೊಸ ಉಪ್ಪುನೀರಿನ ತೊಟ್ಟಿಯಲ್ಲಿ ಪಾಚಿ ಹತೋಟಿ: ಮೊದಲ ಆರು ತಿಂಗಳು

ಹೊಸ ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿ ಬಂದೇ ಬರುತ್ತದೆ. ನೀರು ತುಂಬಿದ ಎರಡು-ಮೂರು ವಾರಕ್ಕೆ ಬಿಳಿ ಮರಳು ಕಂದಾಗುತ್ತದೆ, ಆಮೇಲೆ ಗಾಜು ಹಸಿರಾಗುತ್ತದೆ, ಎರಡು-ಮೂರು ತಿಂಗಳಿಗೆ ಕಲ್ಲಿನ ಮೇಲೆ ಕೂದಲು ಎದ್ದಿರುತ್ತದೆ. ಕಲ್ಲು, ಮರಳು, ಗಾಜು ಎಲ್ಲವೂ ಖಾಲಿ ಜಾಗ. ಬೇಗ ಬೆಳೆಯುವ ಜೀವಿ ಮೊದಲು ಬಂದು ಕೂರುತ್ತದೆ, ಅಷ್ಟೆ. ಹೆಚ್ಚಿನ ತೊಟ್ಟಿಗಳು ಕೆಡುವುದು ಒಂದು ಪಾಚಿಗೆ ಮಾಡಬೇಕಾದ ಉಪಚಾರವನ್ನು ಇನ್ನೊಂದಕ್ಕೆ ಮಾಡಿದಾಗ. ಕೂದಲು ಪಾಚಿಗೆ ಪೋಷಕಾಂಶ ಇಳಿಸಬೇಕು, ಡೈನೋಗಳಿಗೆ (ಡೈನೋಫ್ಲಾಜೆಲೇಟ್ ಎಂಬ, ಕಂದು ಲೋಳೆ ಕಟ್ಟುವ ಸೂಕ್ಷ್ಮಜೀವಿಗಳಿಗೆ) ಏರಿಸಬೇಕು. ದೂರದಿಂದ ನೋಡಿದರೆ ಎರಡೂ ಒಂದೇ ಥರದ ಗಲೀಜು. ಹಾಗಾಗಿ ಔಷಧದ ಬಾಟಲಿ ತರುವ ಮೊದಲು ಬಂದಿರುವುದು ಯಾವುದು ಎಂದು ಗುರುತಿಸಬೇಕು.

ಲೆಕ್ಕಕ್ಕೆ ಸುಲಭವಾಗಲೆಂದು ಇಲ್ಲಿ 200 ಲೀಟರಿನ ಗಾಜಿನ ತೊಟ್ಟಿಯನ್ನೇ ಹಿಡಿದಿದ್ದೇವೆ. ಬೆಂಗಳೂರಿನ ಮನೆ, ಒಣ ಕಲ್ಲು, 3 ಸೆಂಟಿಮೀಟರ್ ಮರಳು, ನಾಲ್ಕೈದು ಸಣ್ಣ ಮೀನು, ಮುಂದೆ ಮೃದು ಹವಳ ಇಡುವ ಆಸೆ. ಕಲ್ಲು, ಮರಳು ಕಳೆದರೆ ಒಳಗಿರುವ ನೀರು 160 ಲೀಟರ್. ಯಾವ ಪುಡಿ, ಔಷಧ ಹಾಕುವಾಗಲೂ ಈ 160ನ್ನೇ ಲೆಕ್ಕಕ್ಕೆ ಹಿಡಿಯಬೇಕು. ತೊಟ್ಟಿಯ ಮೇಲೆ ಬರೆದ 200ಕ್ಕೆ ಹಾಕಿದರೆ ಕಾಲು ಭಾಗ ಹೆಚ್ಚು ಬಿದ್ದಿರುತ್ತದೆ.

ಮೊದಲು ನೀರು

ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಸಾವಿರ ದಾಟುವುದೂ ಉಂಟು. ಕಾವೇರಿ ನೀರು ಎಷ್ಟೋ ವಾಸಿ, ಆದರೂ ನೇರವಾಗಿ ತೊಟ್ಟಿಗೆ ಸುರಿಯುವಂಥದ್ದಲ್ಲ. ಅದರಲ್ಲಿ ಕ್ಲೋರಿನ್ ಇದೆ, ಸಿಲಿಕೇಟ್ ಇದೆ, ಒಂದಿಷ್ಟು ನೈಟ್ರೇಟ್ ಇರಬಹುದು.

"ಮನೆಯಲ್ಲಿ ಆರ್‌ಒ ಇದೆಯಲ್ಲ" ಎನ್ನುವವರು ಒಮ್ಮೆ ಅದರ ನಲ್ಲಿಯ ನೀರಿಗೆ ಟಿಡಿಎಸ್ ಮೀಟರ್ ಅದ್ದಿ ನೋಡಿ. ಕುಡಿಯುವ ನೀರಿನ ಯಂತ್ರದಲ್ಲಿ ರುಚಿಗಾಗಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ವಾಲ್ವ್ ಇರುತ್ತದೆ. ಅದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ನಮಗೆ ಇವೆರಡೂ ಬೇಡ. ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೆ, ಈ ಎರಡಕ್ಕೂ ಮುಂಚೆಯೇ, ಒಂದು ಟಿ-ಜಾಯಿಂಟ್ ಹಾಕಿಸಿ ಅಲ್ಲಿಂದ ನೀರನ್ನು ಡಿಐ ರೆಸಿನ್ (ಉಳಿದ ಲವಣವನ್ನು ಹೀರುವ ಮಣಿಗಳು) ತುಂಬಿದ ಕೊಳವೆಗೆ ಹರಿಸಬೇಕು. ಆರ್‌ಒ ಸರ್ವಿಸ್ ಮಾಡುವವರು ಅರ್ಧ ಗಂಟೆಯಲ್ಲಿ ಮಾಡಿಕೊಡುವ ಕೆಲಸ.

ಅಳತೆಗಳು ಹೀಗಿರಬೇಕು. ಮೆಂಬ್ರೇನ್ ಸರಿಯಿದ್ದರೆ ಒಳಹೋಗುವ ಟಿಡಿಎಸ್‌ನಲ್ಲಿ ಶೇಕಡಾ 90ರಿಂದ 95 ಇಳಿಯುತ್ತದೆ: 800 ಹೋದರೆ 40ರಿಂದ 80 ಬರುತ್ತದೆ. ಡಿಐ ದಾಟಿದ ಮೇಲೆ 0. ಯಂತ್ರ ನಿಂತಿದ್ದು ಮತ್ತೆ ಶುರುವಾದಾಗ ಮೊದಲ ಎರಡು-ಮೂರು ನಿಮಿಷದ ನೀರಿನಲ್ಲಿ ಟಿಡಿಎಸ್ ಹೆಚ್ಚಿರುತ್ತದೆ; ಅದನ್ನು ಡಿಐಗೆ ಬಿಡದೆ ಚೆಲ್ಲಿದರೆ ರೆಸಿನ್ ಹೆಚ್ಚು ದಿನ ಬಾಳುತ್ತದೆ. ಕಾರ್ಬನ್ ಫಿಲ್ಟರ್ ಹಳೆಯದಾದರೆ ಕ್ಲೋರಿನ್ ಮೆಂಬ್ರೇನ್‌ಗೆ ತಲುಪಿ ಅದನ್ನು ತಿಂದುಹಾಕುತ್ತದೆ, ಆರು ತಿಂಗಳಿಗೊಮ್ಮೆ ಬದಲಿಸಿ.

ಇಲ್ಲಿ ಹೆಚ್ಚಿನವರು ಮೋಸಹೋಗುವ ಒಂದು ಅಂಶವಿದೆ. ಡಿಐ ರೆಸಿನ್ ಮುಗಿಯುತ್ತ ಬಂದಾಗ ಎಲ್ಲಕ್ಕಿಂತ ಮೊದಲು ಜಾರಿಹೋಗುವ ವಸ್ತುಗಳಲ್ಲಿ ಸಿಲಿಕೇಟ್ ಒಂದು, ಮತ್ತು ಟಿಡಿಎಸ್ ಮೀಟರ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಮೀಟರಿನಲ್ಲಿ 0 ಅಥವಾ 1 ಇದ್ದೂ ಗಾಜಿನ ಮೇಲೆ ಸಿಲಿಕೇಟಿನಿಂದ ಬೆಳೆಯುವ ಕಂದು ಪುಡಿ ಬಿಡದೆ ಬರುತ್ತಿದ್ದರೆ ರೆಸಿನ್ ಮೇಲೆ ಅನುಮಾನಪಡಿ. ಬಣ್ಣ ಬದಲಾಗುವ ರೆಸಿನ್ ತಂದು, ಮುಕ್ಕಾಲು ಭಾಗ ಬಣ್ಣ ತಿರುಗಿದೊಡನೆ ಬದಲಿಸಿ. ಪೂರ್ತಿ ತಿರುಗುವವರೆಗೆ ಕಾಯುವುದು ತಪ್ಪು ಉಳಿತಾಯ.

ಆವಿಯಾದ ನೀರಿನ ಬದಲಿಗೆ ಹಾಕುವ ನೀರೂ ಇದೇ ಆಗಿರಬೇಕು, ಉಪ್ಪಿಲ್ಲದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿ ತಂಪು ಮಾಡುವ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ಆವಿಯಾಗುತ್ತದೆ ಅಂದುಕೊಳ್ಳಿ. 300 ಟಿಡಿಎಸ್‌ನ ನಲ್ಲಿ ನೀರು ಹಾಕುತ್ತ ಬಂದರೆ ದಿನಕ್ಕೆ 0.9 ಗ್ರಾಂ, ತಿಂಗಳಿಗೆ 27 ಗ್ರಾಂ ಬೇಡದ ಲವಣ ಒಳಗೆ ಸೇರುತ್ತದೆ. ನೀರು ಹೋಗುತ್ತದೆ, ಅದು ಹೋಗುವುದಿಲ್ಲ.

ಉಪ್ಪು ಬೆರೆಸುವುದು ಲೀಟರಿಗೆ ಸುಮಾರು 38 ಗ್ರಾಂ, 20 ಲೀಟರ್ ಬಕೆಟ್‌ಗೆ ಮುಕ್ಕಾಲು ಕಿಲೋ. ಬ್ರಾಂಡಿಗೆ ತಕ್ಕಂತೆ ಸ್ವಲ್ಪ ಆಚೀಚೆ ಆಗುತ್ತದೆ. ಪಂಪ್ ಇಟ್ಟು ಚೆನ್ನಾಗಿ ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಭಾಗ) ನೋಡಿ. ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿಯ ಅಳತೆ ದ್ರವದಲ್ಲೇ ಸರಿಪಡಿಸಿಕೊಳ್ಳಿ.

ಕಲ್ಲು ಮತ್ತು ಮರಳು

ಕಡಲಿನಿಂದ ಕಲ್ಲು ತರುವ ಯೋಚನೆ ಬಿಡಿ. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಯಲ್ಲಿವೆ. ನೇತ್ರಾಣಿಯಿಂದಾಗಲಿ ಬೇರೆ ಎಲ್ಲಿಂದಾಗಲಿ ತುಂಡು ಎತ್ತಿ ತರುವುದು ಅಪರಾಧ. ಅಂಗಡಿಯಲ್ಲಿ ಸಿಗುವ ಒಣ ಕಲ್ಲು ಅಥವಾ ಕಾರ್ಖಾನೆಯಲ್ಲಿ ಮಾಡಿದ ಕಲ್ಲು ಸಾಕು. ಮರಳೂ ಬೀಚಿನದು ಬೇಡ, ಅರಗೊನೈಟ್ ಮರಳು ತನ್ನಿ.

ಒಣ ಕಲ್ಲಿನ ತೊಂದರೆ ಅದರ ಹೊಟ್ಟೆಯೊಳಗಿನ ಫಾಸ್ಫೇಟ್. ಹಿಂದೆ ಅದರೊಳಗೆ ಸತ್ತ ಜೀವಿಗಳ ಪಳೆಯುಳಿಕೆ ಒಣಗಿ ಕೂತಿರುತ್ತದೆ; ಜೊತೆಗೆ ಸುಣ್ಣದ ಕಲ್ಲು ಫಾಸ್ಫೇಟನ್ನು ಮೈಮೇಲೆ ಹಿಡಿದಿಟ್ಟುಕೊಂಡು, ನೀರಿನಲ್ಲಿ ಅದು ಕಡಿಮೆಯಾದಂತೆ ನಿಧಾನವಾಗಿ ಬಿಡುತ್ತದೆ. ಆದ್ದರಿಂದ ತೊಟ್ಟಿಗೆ ಇಡುವ ಮೊದಲು ಡ್ರಮ್ಮಿನಲ್ಲಿ ನೆನೆಹಾಕಬೇಕು.

ಕ್ರಮ ಇಷ್ಟು: ಕಲ್ಲನ್ನು ಗಟ್ಟಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಮುಚ್ಚಳವಿರುವ ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ, ಒಂದು ಪಂಪ್ ಓಡಿಸಿ, ಕತ್ತಲಲ್ಲಿ ಇಡಿ. ವಾರಕ್ಕೊಮ್ಮೆ ಫಾಸ್ಫೇಟ್ ನೋಡಿ. 0.1 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂಬ ಅಳತೆ) ದಾಟಿದ್ದರೆ ಪೂರ್ತಿ ನೀರು ಚೆಲ್ಲಿ ಹೊಸದು ತುಂಬಿ. ಎರಡು ವಾರ ಸತತವಾಗಿ 0.1ರ ಕೆಳಗೇ ನಿಂತರೆ ಕಲ್ಲು ತಯಾರು. ಕೆಲವು ಕಲ್ಲಿಗೆ ಒಂದು ತಿಂಗಳು, ಕೆಲವಕ್ಕೆ ಎರಡು. ಬೇಸರದ ಕೆಲಸ, ಆದರೆ ಇಲ್ಲಿ ಬಿಟ್ಟ ಫಾಸ್ಫೇಟನ್ನು ಮುಂದೆ ತೊಟ್ಟಿಯೊಳಗಿಂದ ಎಳೆಯಲು ಇದರ ಮೂರು ಪಟ್ಟು ದಿನ ಬೇಕಾದೀತು.

ಸೈಕಲ್ ನಡೆಯುವಾಗ ದೀಪ ಆರಿಸಿಡಿ

ಅಮೋನಿಯವನ್ನು ನೈಟ್ರೈಟ್, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಇದನ್ನೇ ಸೈಕಲ್ ಎನ್ನುವುದು. ಅವಕ್ಕೆ ಬೆಳಕು ಬೇಡ. ಒಳಗೆ ಹವಳವಿಲ್ಲದಿದ್ದರೆ ದೀಪ ಹಚ್ಚಲು ಕಾರಣವೇ ಇಲ್ಲ. ಸೈಕಲ್ ನಡೆಯುವಾಗಲೇ ದಿನಕ್ಕೆ ಹತ್ತು ಗಂಟೆ ನೀಲಿ-ಬಿಳಿ ಎಲ್‌ಇಡಿ ಉರಿಸಿ ಖಾಲಿ ತೊಟ್ಟಿ ನೋಡುತ್ತ ಕೂರುವವರು ಪಾಚಿಗೆ ತಾವೇ ಪಾಯ ಹಾಕಿಕೊಡುತ್ತಾರೆ.

ಸಿಗಡಿ ಕೊಳೆಸಿ ಅಮೋನಿಯ ಬರಿಸುವ ಹಳೆಯ ಪದ್ಧತಿಗಿಂತ ಅಮೋನಿಯಂ ಕ್ಲೋರೈಡ್ ತೂಗಿ ಹಾಕುವುದು ಲೇಸು. ಸಿಗಡಿ ಕೊಳೆತಾಗ ಫಾಸ್ಫೇಟೂ ಬರುತ್ತದೆ, ಅದಕ್ಕೆ ಲೆಕ್ಕವಿಲ್ಲ. 160 ಲೀಟರಿಗೆ 1 ಗ್ರಾಂ ಹಾಕಿದರೆ ಅಮೋನಿಯ ಸುಮಾರು 2 ಪಿಪಿಎಂ ಆಗುತ್ತದೆ. ಒಂದು ಪಿಪಿಎಂ ಅಮೋನಿಯ ಕೊನೆಗೆ 3.6 ಪಿಪಿಎಂ ನೈಟ್ರೇಟ್ ಆಗುತ್ತದೆ ಎಂಬುದು ನೆನಪಿರಲಿ. ಆತುರಕ್ಕೆ ನಾಲ್ಕು ಸಲ ಹಾಕಿದವರ ತೊಟ್ಟಿ 29 ಪಿಪಿಎಂ ನೈಟ್ರೇಟ್‌ನೊಂದಿಗೆ ಶುರುವಾಗುತ್ತದೆ. ಹಾಕಿದ 2 ಪಿಪಿಎಂ ಅಮೋನಿಯ 24 ಗಂಟೆಯೊಳಗೆ 0 ಆಗಿ, ನೈಟ್ರೈಟೂ 0 ತೋರಿಸಿದರೆ ಸೈಕಲ್ ಮುಗಿದಂತೆ. ಆಗ ಕಾಲು ಭಾಗ ನೀರು ಬದಲಿಸಿ, ಮೊದಲ ಒಂದೆರಡು ಮೀನು ಬಿಡಿ.

ದೀಪ ಶುರುಮಾಡುವುದು ದಿನಕ್ಕೆ 5–6 ಗಂಟೆಯಿಂದ, ಬಿಳಿ ಬೆಳಕು ಕಡಿಮೆಯಿಟ್ಟು. ಟೈಮರ್ ಇರಲಿ. ಎರಡು ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ 8 ಗಂಟೆಗೆ ನಿಲ್ಲಿಸಿ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ ತೊಟ್ಟಿ ಇಟ್ಟಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಪರದೆ ಹಾಕಿ, ಆಗದಿದ್ದರೆ ಗಾಜಿನ ಆ ಮಗ್ಗುಲಿಗೆ ಕಪ್ಪು ಹಾಳೆ ಅಂಟಿಸಿ.

ಯಾವುದು ಬಂದಿದೆ?

ಕಂದು ಪುಡಿ, ಬೆರಳಿನಿಂದ ಒರೆಸಿದರೆ ಹಾರಿಹೋಗುತ್ತದೆ, ಎಳೆಯಿಲ್ಲ, ಗುಳ್ಳೆಯಿಲ್ಲ: ಡಯಾಟಮ್. ಇದಕ್ಕೆ ಏನೂ ಮಾಡಬೇಡಿ. ಚಿಪ್ಪು ಕಟ್ಟಲು ಸಿಲಿಕೇಟ್ ಬೇಕು, ಅದು ಮುಗಿದರೆ ಎರಡು-ಮೂರು ವಾರದಲ್ಲಿ ತಾನೇ ತೆಳುವಾಗುತ್ತದೆ. ಗಾಜು ಒರೆಸಿಕೊಳ್ಳಿ, ಸಾಕು.

ಗಾಜಿನ ಮೇಲೆ ಹಸಿರು ಪೊರೆ, ಎರಡು ದಿನಕ್ಕೊಮ್ಮೆ ಒರೆಸುವಷ್ಟು: ಆರೋಗ್ಯದ ಲಕ್ಷಣ. ದಿನಕ್ಕೆರಡು ಸಲ ಒರೆಸಬೇಕಾಗಿ ಬಂದರೆ ಮಾತ್ರ ನೈಟ್ರೇಟ್, ಫಾಸ್ಫೇಟ್ ನೋಡಿ.

ಕಲ್ಲಿಗೆ ಬೇರೂರಿದ ಹಸಿರು ಎಳೆ, ನೀರಿನಿಂದ ಎತ್ತಿದರೆ ಒದ್ದೆ ಕೂದಲಿನಂತೆ ಜೋತುಬೀಳುತ್ತದೆ: ಕೂದಲು ಪಾಚಿ. ಎಳೆಯ ಎರಡೂ ಕಡೆ ಗರಿಯಂತೆ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್, ಅದರ ಮದ್ದು ಬೇರೆ.

ಕೆಂಪು-ನೇರಳೆ, ಕೆಲವೊಮ್ಮೆ ಕಡುಹಸಿರು ಲೋಳೆಹಾಳೆ, ಅಂಚು ಹಿಡಿದೆತ್ತಿದರೆ ಹಾಳೆಯಾಗಿಯೇ ಏಳುತ್ತದೆ: ಸಯನೋಬ್ಯಾಕ್ಟೀರಿಯಾ.

ಕಂದು ಸಿಂಬಳದಂಥ ಎಳೆ, ತುದಿಯಲ್ಲಿ ಗಾಳಿಗುಳ್ಳೆ, ಬೆಳಿಗ್ಗೆ ತೀರ ಕಡಿಮೆ, ಸಂಜೆ ಹೊತ್ತಿಗೆ ಎಲ್ಲೆಡೆ: ಡೈನೋಫ್ಲಾಜೆಲೇಟ್ ಎಂದು ಅನುಮಾನಿಸಿ.

ಕೊನೆಯ ಎರಡರಲ್ಲಿ ಗೊಂದಲ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸಿರಿಂಜಿನಿಂದ ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಸಣ್ಣ ಬಾಟಲಿಗೆ ಹಾಕಿ, ಮುಚ್ಚಿ, ಒಂದು ನಿಮಿಷ ಜೋರಾಗಿ ಕುಲುಕಿ. ಕಾಫಿ ಫಿಲ್ಟರ್ ಪೇಪರ್ ಅಥವಾ ಟಿಶ್ಯೂ ಮೂಲಕ ಸೋಸಿ, ಸೋಸಿದ ನೀರನ್ನು ಪಾರದರ್ಶಕ ಲೋಟದಲ್ಲಿ ದೀಪದ ಕೆಳಗೆ ಒಂದು ಗಂಟೆ ಇಡಿ. ತಿಳಿಯಾಗಿದ್ದ ನೀರಿನಲ್ಲಿ ಮತ್ತೆ ಎಳೆ ಕಟ್ಟಿಕೊಂಡರೆ ಡೈನೋ. ಕಟ್ಟದಿದ್ದರೆ ಹೆಚ್ಚಾಗಿ ಸಯನೋ ಅಥವಾ ಡಯಾಟಮ್. 400 ಪಟ್ಟು ತೋರಿಸುವ ಶಾಲೆಯ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಖಚಿತ.

ಕೂದಲು ಪಾಚಿ: ಕೈಕೆಲಸವೇ ಮೊದಲು

ಕಲ್ಲು ತುಂಬ ಹಸಿರು ಕೂದಲಿದೆ, ಟೆಸ್ಟ್ ಕಿಟ್ ಮಾತ್ರ ನೈಟ್ರೇಟ್ 0, ಫಾಸ್ಫೇಟ್ 0 ಎನ್ನುತ್ತದೆ. ಕಿಟ್ ಸುಳ್ಳು ಹೇಳುತ್ತಿಲ್ಲ. ನೀರಿಗೆ ಬಂದ ಪೋಷಕಾಂಶವನ್ನು ಪಾಚಿ ಆಗಿಂದಾಗಲೇ ತಿಂದುಬಿಡುತ್ತಿದೆ, ಕಿಟ್ ಅಳೆಯುವುದು ಉಳಿದ ಎಂಜಲನ್ನು ಮಾತ್ರ. ಈ ಸೊನ್ನೆಯನ್ನು ನಂಬಿ "ನೀರು ಚೆನ್ನಾಗಿದೆ" ಎಂದು ಸುಮ್ಮನಿರುವುದೂ ತಪ್ಪು, ಇದರ ಮೇಲೆ ಇನ್ನಷ್ಟು ಫಾಸ್ಫೇಟ್ ಹೀರುವ ಪುಡಿ ಸುರಿಯುವುದೂ ತಪ್ಪು. ಮೊದಲು ಪಾಚಿಯನ್ನು ಕೈಯಿಂದ ಹೊರಗೆ ತೆಗೆಯಬೇಕು. ಪಾಚಿ ಹೊರಗೆ ಹೋದರೆ ಅದು ತಿಂದದ್ದೂ ಅದರೊಂದಿಗೆ ಹೋಗುತ್ತದೆ.

1. ನೀರು ಬದಲಿಸುವ ದಿನ ಮಾಡಿ. ತೊಟ್ಟಿಯಿಂದ 30 ಲೀಟರ್ ನೀರನ್ನು ಎರಡು ಬಕೆಟ್‌ಗೆ ತೆಗೆದುಕೊಳ್ಳಿ. ಬಾಯಿಂದ ಪೈಪು ಎಳೆಯಬೇಡಿ. ನೀರಿನಲ್ಲಿ ಮುಳುಗಿಸಿ ತುಂಬಿಸಿಕೊಂಡು ಶುರುಮಾಡಿ.

2. ಎತ್ತಲು ಬರುವ ಕಲ್ಲನ್ನು ಮೊದಲ ಬಕೆಟ್ಟಿನಲ್ಲಿ ಅದ್ದಿ, ಉದ್ದ ಎಳೆಗಳನ್ನು ಬೆರಳಿನಿಂದ ಕಿತ್ತು, ಗಟ್ಟಿ ಟೂತ್‌ಬ್ರಷ್‌ನಿಂದ ಬುಡ ತಿಕ್ಕಿ. ತೊಟ್ಟಿಯೊಳಗೇ ತಿಕ್ಕಿದರೆ ಕತ್ತರಿಸಿದ ಚೂರುಗಳು ಹಾರಿ ಹೊಸ ಕಡೆ ಬೇರು ಬಿಡುತ್ತವೆ.

3. ಬುಡ ಬಿಡದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡಾ 6ರ ಆಸುಪಾಸಿನದು. ಲೇಬಲ್ ನೋಡಿ, ಅಷ್ಟೇ ಆರ್‌ಒ ನೀರು ಬೆರೆಸಿ 3ಕ್ಕೆ ತನ್ನಿ. ಕೈಗವಸು ಹಾಕಿ, ಬ್ರಷ್‌ನಿಂದ ಪಾಚಿಯ ಮೇಲೆ ಮಾತ್ರ ಸವರಿ, ಮೂರು-ನಾಲ್ಕು ನಿಮಿಷ ಬಿಡಿ. ನೊರೆ ಬರುತ್ತದೆ. ಎರಡನೇ ಬಕೆಟ್ಟಿನಲ್ಲಿ ಅಲುಗಾಡಿಸಿ ತೊಳೆದು ಒಳಗಿಡಿ. ಎರಡು-ಮೂರು ದಿನದಲ್ಲಿ ಪಾಚಿ ಬಿಳಿಚಿಕೊಂಡು ಉದುರುತ್ತದೆ. ಪೆರಾಕ್ಸೈಡನ್ನು ನೇರವಾಗಿ ತೊಟ್ಟಿಗೆ ಹಾಕಬೇಡಿ, ಕ್ಲೀನರ್ ಸಿಗಡಿಗಳು ಅದನ್ನು ತಡೆಯುವುದಿಲ್ಲ.

4. ಎತ್ತಲಾಗದ ಕಲ್ಲಿಗೆ 8–10 ಮಿಲಿಮೀಟರ್ ಪೈಪಿನ ತುದಿಗೆ ಟೂತ್‌ಬ್ರಷ್ ಕಟ್ಟಿ, ತಿಕ್ಕುತ್ತಲೇ ಸೈಫನ್ ಮಾಡಿ (ಪೈಪಿನಿಂದ ನೀರಿನೊಂದಿಗೆ ಹೊರಗೆಳೆಯಿರಿ).

5. ಬಕೆಟ್ಟಿನ ನೀರೆಲ್ಲ ಚೆಲ್ಲಿ, ಹೊಸ ಉಪ್ಪುನೀರು ತುಂಬಿ. ಫಿಲ್ಟರ್ ಹತ್ತಿಯನ್ನು ಮರುದಿನವೇ ಬದಲಿಸಿ. ಚೂರುಗಳೆಲ್ಲ ಅದರಲ್ಲೇ ಸಿಕ್ಕಿಕೊಂಡಿರುತ್ತವೆ, ಬಿಟ್ಟರೆ ಅಲ್ಲೇ ಕೊಳೆತು ಮತ್ತೆ ನೀರಿಗೆ ಗೊಬ್ಬರ.

ವಾರಕ್ಕೊಮ್ಮೆಯಂತೆ ನಾಲ್ಕರಿಂದ ಆರು ವಾರ ಹೀಗೆ ಮಾಡಬೇಕು. ಒಂದೇ ದಿನ ಎಲ್ಲ ಕಲ್ಲನ್ನೂ ಹೊರತೆಗೆದು ತೊಳೆಯುವ ಉಮೇದು ಬೇಡ. ಮೂರನೇ ಒಂದು ಭಾಗವಷ್ಟೇ, ಉಳಿದದ್ದು ಮುಂದಿನ ವಾರ.

ಕಿತ್ತ ಮೇಲೆ ಕಿಟ್ ತೋರಿಸುವ ಅಂಕಿಗೆ ಅರ್ಥ ಬರುತ್ತದೆ. ನೈಟ್ರೇಟ್ 5–10, ಫಾಸ್ಫೇಟ್ 0.03–0.10 ಪಿಪಿಎಂ ನಡುವೆ ಇರಲಿ. ಹಾನ್ನಾ ಕಂಪನಿಯ ಫಾಸ್ಫರಸ್ ಚೆಕರ್ ಬಳಸುವವರು ಅದು ತೋರಿಸುವ ಪಿಪಿಬಿಯನ್ನು 3.066ರಿಂದ ಗುಣಿಸಿ, ಸಾವಿರದಿಂದ ಭಾಗಿಸಬೇಕು: 10 ಬಂದರೆ ಫಾಸ್ಫೇಟ್ 0.03 ಪಿಪಿಎಂ. ಈ ಲೆಕ್ಕ ಮರೆತು "ಹತ್ತು ಬಂತು" ಎಂದು ಹೆದರುವವರು ಬಹಳ.

ನೈಟ್ರೇಟ್ ಇಳಿಸಲು ನೀರು ಬದಲಿಸುವುದರ ಬಲ ಜನ ತಿಳಿದಷ್ಟಿಲ್ಲ. 40 ಪಿಪಿಎಂ ಇದ್ದಾಗ ಶೇಕಡಾ 20ರಂತೆ ನಾಲ್ಕು ಸಲ ಬದಲಿಸಿದರೂ 16ಕ್ಕೆ ಬರುತ್ತದೆ, ಅದೂ ಈ ನಡುವೆ ಹೊಸದಾಗಿ ಏನೂ ಸೇರದಿದ್ದರೆ. ಹಾಗಾಗಿ ಒಳಬರುವುದನ್ನೇ ಕಡಿಮೆ ಮಾಡಬೇಕು. ಫ್ರೋಜನ್ ಆಹಾರದ ಕ್ಯೂಬನ್ನು ಹಾಗೇ ಎಸೆಯದೆ ಚಹಾ ಸೋಸುವ ಜಾಲರಿಯಲ್ಲಿ ಕರಗಿಸಿ, ಆರ್‌ಒ ನೀರಿನಲ್ಲಿ ತೊಳೆದು ಹಾಕಿ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಿ. ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರಿನ ಕಪ್ ಅನ್ನು ಎರಡು ದಿನಕ್ಕೊಮ್ಮೆ ತೊಳೆಯಿರಿ, ಫಿಲ್ಟರ್ ಹತ್ತಿಯನ್ನು ಮೂರು ದಿನಕ್ಕೊಮ್ಮೆ ಬದಲಿಸಿ.

ಇಷ್ಟಾದ ಮೇಲೂ ಫಾಸ್ಫೇಟ್ 0.15 ದಾಟಿ ನಿಂತಿದ್ದರೆ ಜಿಎಫ್‌ಒ ಎಂಬ, ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಪುಡಿ ಬಳಸಬಹುದು. ಪೊಟ್ಟಣದ ಮೇಲೆ ಹೇಳಿದ ಅರ್ಧ ಅಳತೆಯಿಂದ ಶುರುಮಾಡಿ, ಮೂರು ದಿನಕ್ಕೊಮ್ಮೆ ಅಳೆದು, 0.08 ಮುಟ್ಟಿದ ಕೂಡಲೇ ತೆಗೆಯಿರಿ. ಪೂರ್ತಿ ಅಳತೆ ಹಾಕಿ ಒಂದೇ ವಾರದಲ್ಲಿ 0ಗೆ ಇಳಿಸಿದ ತೊಟ್ಟಿಗಳೇ ಮುಂದಿನ ತಿಂಗಳು ಡೈನೋಗೆ ಸಿಕ್ಕಿಬೀಳುವುದು. ವೋಡ್ಕಾ, ವಿನೆಗರ್ ಹಾಕಿ ಬ್ಯಾಕ್ಟೀರಿಯಾ ಬೆಳೆಸುವ ಪದ್ಧತಿಯೂ ಇದೆ, ಆರು ತಿಂಗಳೊಳಗಿನ ತೊಟ್ಟಿಗೆ ಅದು ಬೇಡ.

ಕೆಂಪು ಲೋಳೆ

ಸಯನೋ ಪಾಚಿಯಲ್ಲ, ಬ್ಯಾಕ್ಟೀರಿಯಾ. ನೀರು ಓಡದ ಮೂಲೆ, ಕಲ್ಲಿನ ಹಿಂದೆ ಕೂತ ಕಸ ಇದಕ್ಕೆ ಇಷ್ಟ. ನೈಟ್ರೇಟ್ 0 ಆಗಿ ಫಾಸ್ಫೇಟ್ ಮಾತ್ರ ಉಳಿದಾಗಲೂ ಏಳುತ್ತದೆ, ಏಕೆಂದರೆ ಇದರ ಕೆಲವು ಜಾತಿಗಳು ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳಬಲ್ಲವು.

ಹವಳದ ತೊಟ್ಟಿಯಲ್ಲಿ ಗಂಟೆಗೆ ನೀರಿನ 20ರಿಂದ 40 ಪಟ್ಟು ಹರಿವು ಬೇಕು, ಅಂದರೆ 160 ಲೀಟರಿಗೆ 3,200ರಿಂದ 6,400 ಲೀಟರ್. ತೊಟ್ಟಿಯೊಳಗೆ ನೀರು ಓಡಿಸುವ ಒಂದೇ ದೊಡ್ಡ ವೇವ್‌ಮೇಕರ್‌ಗಿಂತ ಎದುರುಬದುರು ಎರಡು ಸಣ್ಣವು ಲೇಸು. ಲೋಳೆಯನ್ನು ಸತತ ಮೂರು ದಿನ ಸೈಫನ್ ಮಾಡಿ. ಪ್ರತಿದಿನ ಅಷ್ಟು ನೀರು ಚೆಲ್ಲಬೇಕಿಲ್ಲ: ಪೈಪಿನ ಇನ್ನೊಂದು ತುದಿಯನ್ನು ತೊಟ್ಟಿಯ ಕೆಳಗಿನ ಫಿಲ್ಟರ್ ಪೆಟ್ಟಿಗೆಯಾದ ಸಂಪ್‌ನಲ್ಲಿಟ್ಟ 100 ಮೈಕ್ರಾನ್ ಚೀಲದೊಳಗೆ ಬಿಡಿ, ಲೋಳೆ ಚೀಲದಲ್ಲಿ ಉಳಿದು ನೀರು ವಾಪಸಾಗುತ್ತದೆ. ಮುಗಿದೊಡನೆ ಚೀಲ ತೆಗೆದು ತೊಳೆಯಿರಿ.

ಎರಡು ವಾರದಲ್ಲಿ ಬಗ್ಗದಿದ್ದರೆ ಮೂರು ದಿನ ಕತ್ತಲು. ತೊಟ್ಟಿಯನ್ನು ಸುತ್ತಲೂ ಕಂಬಳಿಯಿಂದ ಮುಚ್ಚಿ, ಸ್ಕಿಮ್ಮರ್ ಓಡುತ್ತಿರಲಿ, ಆಹಾರ ಅರೆಬರೆ. ಸಾಯುವ ಲೋಳೆ ಆಮ್ಲಜನಕ ಹೀರುತ್ತದೆ, ಆ ಹೊತ್ತಿಗೆ ಕರೆಂಟು ಹೋದರೆ ಮೀನು ಮೇಲೆ ಬಂದು ಬಾಯಿಬಿಡುತ್ತವೆ. ಬ್ಯಾಟರಿ ಏರ್‌ಪಂಪ್ ಕೈಗೆಟುಕುವಲ್ಲಿ ಇಟ್ಟುಕೊಂಡೇ ಕತ್ತಲು ಶುರುಮಾಡಿ. ನಾಲ್ಕನೇ ದಿನ ಸತ್ತದ್ದನ್ನು ಸೈಫನ್ ಮಾಡಿ ಶೇಕಡಾ 20 ನೀರು ಬದಲಿಸಬೇಕು, ಇಲ್ಲದಿದ್ದರೆ ಅದೇ ಗೊಬ್ಬರವಾಗಿ ಎರಡು ವಾರಕ್ಕೆ ಮತ್ತೆ ಹಾಜರು. ಎರಿಥ್ರೋಮೈಸಿನ್‌ನಂಥ ಆಂಟಿಬಯಾಟಿಕ್ ಸಯನೋವನ್ನು ಕೊಲ್ಲುತ್ತದೆ, ನಿಜ. ಆದರೆ ಹೊಸ ತೊಟ್ಟಿಯಲ್ಲಿ ಈಗಷ್ಟೇ ನೆಲೆಯೂರುತ್ತಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಏಟು ಬೀಳಬಹುದು.

ಡೈನೋ: ಎಲ್ಲವೂ ತಿರುಗುಮುರುಗು

ಇದು ಬಂದಿರುವುದು ಖಚಿತವಾದರೆ ಮೇಲೆ ಹೇಳಿದ ಅರ್ಧದಷ್ಟು ಕೆಲಸ ನಿಲ್ಲಿಸಬೇಕು. ನೀರು ಬದಲಿಸಬೇಡಿ, ಜಿಎಫ್‌ಒ ತೆಗೆಯಿರಿ, ಸ್ಕಿಮ್ಮರನ್ನು ಸ್ವಲ್ಪ ಸಡಿಲ ಬಿಡಿ. ಪೋಷಕಾಂಶ ಸೊನ್ನೆಯಾದಾಗ ಬೇರೆ ಪಾಚಿ, ಬ್ಯಾಕ್ಟೀರಿಯಾಗಳು ಸೊರಗಿ ಜಾಗ ಖಾಲಿಯಾಗುತ್ತದೆ, ಡೈನೋ ಅಲ್ಲಿಗೆ ನುಗ್ಗುತ್ತದೆ. ಪೈಪೋಟಿ ಕೊಡುವವರನ್ನು ಮತ್ತೆ ಬೆಳೆಸಬೇಕು.

ನೈಟ್ರೇಟ್ 5–10, ಫಾಸ್ಫೇಟ್ 0.05–0.10ಕ್ಕೆ ತಂದು ಅಲ್ಲೇ ನಿಲ್ಲಿಸಿ. ಆಹಾರ ಹೆಚ್ಚಿಸಿ ಮೊದಲು ನೋಡಿ. ಸಾಲದಿದ್ದರೆ ಪ್ರಯೋಗಾಲಯ ದರ್ಜೆಯ ಪೊಟ್ಯಾಸಿಯಂ ನೈಟ್ರೇಟ್: 160 ಲೀಟರಿಗೆ 1.3 ಗ್ರಾಂ ಕರಗಿಸಿ ಹಾಕಿದರೆ ನೈಟ್ರೇಟ್ 5 ಪಿಪಿಎಂ ಏರುತ್ತದೆ. ಎರಡು ದಿನಕ್ಕೆ ಹಂಚಿ ಹಾಕಿ. ಹೊಲಕ್ಕೆ ಹಾಕುವ ಗೊಬ್ಬರದ ಚೀಲದಿಂದ ತೆಗೆದದ್ದು ಬೇಡ. ಫಾಸ್ಫೇಟ್‌ಗೆ ಅಕ್ವೇರಿಯಂ ಕಂಪನಿಗಳ ದ್ರವ ಸಿಗುತ್ತದೆ. ಒಣ ಕಲ್ಲು ಫಾಸ್ಫೇಟನ್ನು ಹೀರಿಕೊಳ್ಳುವುದರಿಂದ ಮೊದಲ ವಾರ ಹಾಕಿದ್ದೆಲ್ಲ ಮಾಯವಾಗುತ್ತದೆ. ಪ್ರತಿದಿನ ಅಳೆಯುತ್ತ ಹಾಕುತ್ತಿರಿ.

ಮುಂದಿನ ಹೆಜ್ಜೆ ಜಾತಿಯನ್ನು ಅವಲಂಬಿಸಿದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣೀರ ಹನಿಯ ಆಕಾರ, ಒಂದೇ ಕಡೆ ಕಟ್ಟಿಹಾಕಿದಂತೆ ಗಿರಗಿರ ತಿರುಗುತ್ತಿದ್ದರೆ ಆಸ್ಟ್ರಿಯಾಪ್ಸಿಸ್. ಇದು ರಾತ್ರಿ ನೀರಿಗೆ ತೇಲುತ್ತದೆ, ಹಾಗಾಗಿ ಯುವಿ ದೀಪಕ್ಕೆ ಸಿಗುತ್ತದೆ. 160 ಲೀಟರಿಗೆ 15 ವ್ಯಾಟಿನ ಯುವಿ, ಗಂಟೆಗೆ 300–500 ಲೀಟರ್ ಮಾತ್ರ ಹರಿಯುವಂತೆ. ನೀರನ್ನು ಸಂಪ್‌ನಿಂದಲ್ಲ, ಮೇಲಿನ ತೊಟ್ಟಿಯಿಂದಲೇ ಎಳೆದು ಅದಕ್ಕೇ ಬಿಡಬೇಕು. ಶತ್ರು ಇರುವುದು ಅಲ್ಲಿ. ಒಂದೆರಡು ವಾರದಲ್ಲಿ ಫಲ ಕಾಣುತ್ತದೆ. ಅಂಡಾಕಾರದವು ಎತ್ತೆಂದರತ್ತ ಜಾರುತ್ತ ಓಡಾಡುತ್ತಿದ್ದರೆ, ಮರಳಿನ ಮೇಲೆಯೇ ಹೆಚ್ಚಿದ್ದರೆ, ಆಂಫಿಡಿನಿಯಂ. ಇದು ಮರಳು ಬಿಟ್ಟು ಮೇಲೇಳುವುದಿಲ್ಲ, ಯುವಿ ದಂಡ. ಇದಕ್ಕೆ ಸೋಡಿಯಂ ಸಿಲಿಕೇಟ್ ಹಾಕಿ ಸಿಲಿಕೇಟ್ 1–2 ಪಿಪಿಎಂ ಇಟ್ಟು ಡಯಾಟಮನ್ನು ಬೇಕೆಂದೇ ಬೆಳೆಸುತ್ತಾರೆ. ಮೂರನೇ ವಾರ ಯಾವಾಗ ತೊಲಗೀತೆಂದು ಕಾದ ಕಂದು ಪುಡಿಯನ್ನು ಮೂರನೇ ತಿಂಗಳಲ್ಲಿ ಕರೆದು ಕೂರಿಸುವುದು!

ಆಸ್ಟ್ರಿಯಾಪ್ಸಿಸ್ ವಿಷಕಾರಿ. ಅದನ್ನು ತಿಂದ ಬಸವನಹುಳು ಸಾಯುತ್ತವೆ, ಮನುಷ್ಯರಿಗೂ ಒಳ್ಳೆಯದಲ್ಲ. ಕೈಗವಸು ಹಾಕಿ, ಬಾಯಿಂದ ಸೈಫನ್ ಎಳೆಯಲೇಬೇಡಿ, ಈ ಲೋಳೆ ಹತ್ತಿದ ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯಬೇಡಿ.

ಬ್ರಯಾಪ್ಸಿಸ್, ಗುಳ್ಳೆ ಪಾಚಿ

ಬ್ರಯಾಪ್ಸಿಸ್ ಕಿತ್ತಷ್ಟೂ ಬರುತ್ತದೆ, ಬಸವನಹುಳು ಮುಟ್ಟುವುದಿಲ್ಲ. ಕೊನೆಯ ಉಪಾಯ ಫ್ಲುಕೊನಜೋಲ್, ಲೀಟರಿಗೆ 5 ಮಿಲಿಗ್ರಾಂ. 160 ಲೀಟರಿಗೆ 150 ಮಿಲಿಗ್ರಾಂನ ಐದು ಮಾತ್ರೆ ಪುಡಿಮಾಡಿ ಹಾಕಿದರೆ ಸಾಕು. ವೈದ್ಯರ ಚೀಟಿ ಬೇಕಾದ ಔಷಧ ಇದು. ಕಾರ್ಬನ್, ಯುವಿ ತೆಗೆದು, ಸ್ಕಿಮ್ಮರಿನ ಕಪ್ ಬಿಚ್ಚಿ ಗಾಳಿ ಮಾತ್ರ ಓಡಿಸಿ ಎರಡು ವಾರ ನೀರು ಬದಲಿಸದೆ ಬಿಡಬೇಕು. ಮೊದಲು ಕೈಯಿಂದ ಆದಷ್ಟು ಕಿತ್ತಿರಿ, ಇಲ್ಲದಿದ್ದರೆ ಸತ್ತ ಪಾಚಿಯ ಪೋಷಕಾಂಶವೆಲ್ಲ ಒಮ್ಮೆಗೇ ನೀರಿಗೆ ಬರುತ್ತದೆ. ಮುಗಿದ ಮೇಲೆ ಕಾಲು ಭಾಗ ನೀರು ಬದಲಿಸಿ ಕಾರ್ಬನ್ ಹಾಕಿ.

ಹಸಿರು ಮಣಿಯಂಥ ಗುಳ್ಳೆ ಪಾಚಿ ವಲೋನಿಯವನ್ನು ಒಡೆಯದೆ, ಬುಡಕ್ಕೆ ಸಣ್ಣ ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿಸಿ, ಪಕ್ಕದಲ್ಲೇ ಸೈಫನ್ ಹಿಡಿದಿರಿ.

ಮೇಯುವವರು

ಬಸವನಹುಳು ಬಿಡುವುದು ಅಮೋನಿಯ, ನೈಟ್ರೈಟ್ 0 ಆಗಿ, ಪಾಚಿ ಕಣ್ಣಿಗೆ ಕಂಡ ಮೇಲೆ. ಮೊದಲೇ ಇಪ್ಪತ್ತು ತಂದು ಬಿಟ್ಟರೆ ಅರ್ಧ ಹಸಿವಿನಿಂದ ಸತ್ತು ಅಮೋನಿಯ ಏರಿಸುತ್ತವೆ. 160 ಲೀಟರಿಗೆ ಐದು ಟ್ರೋಕಸ್, ಮೂರು ಸೆರಿತ್, ಮರಳು ಕೆದಕಲು ಎರಡು ನಸಾರಿಯಸ್ ಸಾಕು. ಎರಡು ತಿಂಗಳು ನೋಡಿ ಹೆಚ್ಚಿಸಿ. ಟ್ರೋಕಸ್ ಮಗುಚಿದರೆ ತಾನೇ ಏಳುತ್ತದೆ; ಆಸ್ಟ್ರಿಯ ಎಂಬ ಬಸವನಹುಳು ಏಳಲಾರದು, ಮಗುಚಿದಲ್ಲೇ ಸಾಯುತ್ತದೆ. ಸನ್ಯಾಸಿ ಏಡಿಗಳು ಚಿಪ್ಪಿನಾಸೆಗೆ ಬಸವನಹುಳುವನ್ನು ಕೊಲ್ಲುತ್ತವೆ, ಬಿಡುವುದಿದ್ದರೆ ಖಾಲಿ ಚಿಪ್ಪುಗಳನ್ನೂ ಹಾಕಿ. ಕಡಲತೀರದಿಂದ ಆರಿಸಿ ತರಬೇಡಿ: ಕಡಲಸೌತೆ, ಕೆಲವು ದೊಡ್ಡ ಟ್ರೋಕಸ್ ಮತ್ತು ಟರ್ಬೊ ಜಾತಿಗಳೂ ಅದೇ ಕಾಯ್ದೆಯ ಪಟ್ಟಿಯಲ್ಲಿವೆ. ಅಂಗಡಿಯಲ್ಲಿ ಬಿಲ್ ಕೇಳಿ ಪಡೆಯಿರಿ.

ತಂದ ಚೀಲದ ನೀರಿನ ಉಪ್ಪಿನಂಶ ಅಳೆದು, ಒಂದರಿಂದ ಒಂದೂವರೆ ಗಂಟೆ ಹನಿಹನಿಯಾಗಿ ತೊಟ್ಟಿಯ ನೀರು ಸೇರಿಸಿ ಹೊಂದಿಸಿ. ಬಸವನಹುಳುಗಳಿಗೆ ಉಪ್ಪಿನ ಏರುಪೇರು ಮೀನಿಗಿಂತ ಬೇಗ ತಟ್ಟುತ್ತದೆ. ಪಾಚಿ ತಿನ್ನುತ್ತದೆಂದು ಹಳದಿ ಟ್ಯಾಂಗ್ ಮೀನು ತರಬೇಡಿ, 200 ಲೀಟರ್ ಅದಕ್ಕೆ ಸಾಲದು. ಲಾನ್‌ಮೋವರ್ ಬ್ಲೆನ್ನಿ ಹೊಂದುತ್ತದೆ, ಆದರೆ ಪಾಚಿ ಮುಗಿದ ಮೇಲೆ ಹೊಟ್ಟೆ ಒಳಗೆ ಹೋಗುತ್ತಿದೆಯೇ ನೋಡಿ, ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕೊಡಿ.

ಗುಲಾಬಿ ಪದರ ಬಂದ ಮೇಲೆ

ಮೂರರಿಂದ ಆರು ತಿಂಗಳಿಗೆ ಕಲ್ಲಿನ ಮೇಲೆ, ಪಂಪಿನ ಮೇಲೆ ಗುಲಾಬಿ-ನೇರಳೆ ಚುಕ್ಕೆ ಮೂಡುತ್ತವೆ. ಇದೂ ಪಾಚಿಯೇ, ಸುಣ್ಣ ಕಟ್ಟುವ ಕೊರಲೈನ್. ಇದು ಹಿಡಿದ ಜಾಗದಲ್ಲಿ ಕೂದಲು ಪಾಚಿಗೆ ಬೇರೂರುವುದು ಕಷ್ಟ. ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಪಿಪಿಎಂ, ಆಲ್ಕಲಿನಿಟಿ 8–9 ಡಿಕೆಎಚ್ ಆಚೀಚೆಯಾಗದಂತೆ ಇಟ್ಟರೆ ತಾನೇ ಹರಡುತ್ತದೆ. ವಾರದ ಶೇಕಡಾ 15 ನೀರು ಬದಲಾವಣೆಯಲ್ಲೇ ಮೊದಲ ವರ್ಷ ಇವು ಸಾಮಾನ್ಯವಾಗಿ ನಿಲ್ಲುತ್ತವೆ.

ವೇವ್‌ಮೇಕರ್‌ನ ರೆಕ್ಕೆಗೆ ಕೊರಲೈನ್ ಹತ್ತಿ ಸದ್ದು ಮಾಡತೊಡಗಿದರೆ ಲೀಟರ್ ನೀರಿಗೆ 50 ಗ್ರಾಂ ನಿಂಬೆಹುಳಿ ಪುಡಿ ಕರಗಿಸಿ, ಅದರಲ್ಲಿ ಮುಕ್ಕಾಲು ಗಂಟೆ ಓಡಿಸಿ, ತೊಳೆದು ಹಾಕಿ. ಮುಂಭಾಗದ ಗಾಜಿನ ಮೇಲಿನದನ್ನು ಸ್ಟೀಲ್ ಬ್ಲೇಡಿನಿಂದ ಕೆರೆಯಬಹುದು, ಕೆಳಗಿನ ಸಿಲಿಕೋನ್ ಅಂಚಿನಿಂದ ಎರಡು ಬೆರಳು ಮೇಲಕ್ಕೇ ನಿಲ್ಲಿಸಿ. ಅಕ್ರಿಲಿಕ್ ತೊಟ್ಟಿಯಾದರೆ ಪ್ಲಾಸ್ಟಿಕ್ ಬ್ಲೇಡ್ ಮಾತ್ರ, ನಡುವೆ ಮರಳಿನ ಕಣ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು.